ಹಿಮದೊಳಗೂ ಹಳತಾಗುವ ಸಿಗಡಿ

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವುದಿಲ್ಲ. ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ ಅವು ಸಾಲುಗಟ್ಟಿ ಲಂಗರು ಹಾಕಿರುತ್ತವೆ. ನಾಡದೋಣಿಯವರು, ಹೊಳೆಯಲ್ಲಿ ಬಲೆ ಬೀಸುವವರು ತಂದ ಒಂದಿಷ್ಟು ಮೀನು ಬಿಟ್ಟರೆ ಆಗ ಮಾರುಕಟ್ಟೆಯಲ್ಲಿ ಕಾಣುವುದು ಹೆಚ್ಚಾಗಿ ಹೊರರಾಜ್ಯದಿಂದ ಬಂದದ್ದು, ಇಲ್ಲವೇ ಕೋಲ್ಡ್ ಸ್ಟೋರೇಜಿನಿಂದ ಹೊರಬಿದ್ದದ್ದು. ಆ ಎರಡು ತಿಂಗಳು ಮೀನಿನ ಬುಟ್ಟಿಯ ಮುಂದೆ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ (ಎಟ್ಟಿ ಎಂದರೆ ಸಿಗಡಿ):

“ಅಕ್ಕಾ, ಎಟ್ಟಿ ತಾಜಾ ಉಂಟಾ?”

“ಫ್ರೀಜರಿನದ್ದೇ ಅಕ್ಕ. ಈ ಮಳೆಗೆ ತಾಜಾ ಎಲ್ಲಿಂದ ತರುವುದು ಮಾರಾಯ್ರೆ? ಆದರೆ ಒಳ್ಳೇದುಂಟು, ಮೂಸಿ ನೋಡಿ.”

ಕಲ್ಲಿನಂತೆ ಗಟ್ಟಿಯಾದ ಸಿಗಡಿಯನ್ನು ಮೂಸಿದರೆ ಏನೂ ಗೊತ್ತಾಗುವುದಿಲ್ಲ. ವಾಸನೆ ಬರಬೇಕಾದರೆ ಅದರ ಕಣಗಳು ಹಾರಿ ಮೂಗಿಗೆ ಬರಬೇಕು. ಚಳಿ ಅವುಗಳನ್ನು ಹಿಡಿದಿಟ್ಟಿರುತ್ತದೆ. ತಾಜಾ ಮೀನನ್ನು ಕಣ್ಣು, ಕಿವಿರು, ಬೆರಳಿನ ಒತ್ತು ನೋಡಿ ಆರಿಸುವ ವಿದ್ಯೆ ಕರಾವಳಿಯ ಮನೆಮನೆಯಲ್ಲಿದೆ. ಹೆಪ್ಪುಗಟ್ಟಿದ್ದನ್ನು ನೋಡಿ ಆರಿಸುವ ವಿದ್ಯೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಹಾಗಾಗಿ ಕೊಂಡು ತಂದು, ಹೆಪ್ಪು ಬಿಡಿಸಿ, ಬಾಣಲೆಗೆ ಹಾಕಿದ ಮೇಲಷ್ಟೇ ಸತ್ಯ ಬಯಲಾಗುತ್ತದೆ. ನೀರು ಬಿಟ್ಟುಕೊಂಡು ಅರ್ಧಕ್ಕರ್ಧ ಕುಗ್ಗಿದ ಸಿಗಡಿ, ಅಗಿದರೆ ನಾರು, ಬಾಯಲ್ಲಿ ಹಳೆ ಎಣ್ಣೆಯ ಕಮಟು. “ಕೆಟ್ಟುಹೋದದ್ದನ್ನು ಫ್ರೀಜರಿಗೆ ಹಾಕಿದ್ದಾರೆ” ಎಂದು ನಾವು ಬೈಯುತ್ತೇವೆ. ಎಷ್ಟೋ ಸಲ ಅದು ಸರಿಯಲ್ಲ. ಒಳ್ಳೆಯ ಸಿಗಡಿಯೇ ಫ್ರೀಜರಿನೊಳಗೆ ಹೋಗಿರುತ್ತದೆ, ಅಲ್ಲಿದ್ದಾಗ ಹಾಳಾಗಿರುತ್ತದೆ.

ಚಳಿ ಕಾಲವನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ಸುಮಾರು ಮೈನಸ್ 10 ಡಿಗ್ರಿಗಿಂತ ಕೆಳಗೆ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ ಎನ್ನುವುದು ನಿಜ. ಆದರೆ ಅವುಗಳಲ್ಲಿ ಬಹಳಷ್ಟು ಸಾಯುವುದೂ ಇಲ್ಲ, ಹೆಪ್ಪು ಬಿಟ್ಟ ಕೂಡಲೇ ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಮಾಂಸದೊಳಗಿನ ಕಿಣ್ವಗಳು, ಕೊಬ್ಬನ್ನು ಹಿಡಿಯುವ ಆಮ್ಲಜನಕ, ಜಾಗ ಬದಲಿಸುತ್ತಲೇ ಇರುವ ನೀರಿನ ಹರಳುಗಳು, ಇವು ಮೂರೂ ಹಿಮದೊಳಗೂ ಸುಮ್ಮನಿರುವುದಿಲ್ಲ.

ನೀರು ಹರಳಾಗುವ ಹೊತ್ತು

ಸಿಗಡಿಯ ಮಾಂಸದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಉಪ್ಪು, ಪ್ರೋಟೀನು ಬೆರೆತ ನೀರಾದ್ದರಿಂದ ಅದು ಸೊನ್ನೆಯಲ್ಲಿ ಹೆಪ್ಪುಗಟ್ಟದೆ ಮೈನಸ್ 2 ಡಿಗ್ರಿಯ ಆಸುಪಾಸಿನಲ್ಲಿ ಶುರುಮಾಡುತ್ತದೆ. ಮೈನಸ್ 1ರಿಂದ ಮೈನಸ್ 5ರ ನಡುವಿನ ಆ ಸಣ್ಣ ಅಂತರದಲ್ಲೇ ನೀರಿನ ಬಹುಪಾಲು ಮಂಜುಗಡ್ಡೆಯಾಗಿ ಮುಗಿದಿರುತ್ತದೆ. ಸಿಗಡಿಯ ಹಣೆಬರಹ ಬರೆಯುವುದು ಈ ನಾಲ್ಕು ಡಿಗ್ರಿಯ ದಾರಿ. ಬೇಗ ದಾಟಿದರೆ ಜೀವಕೋಶದ ಒಳಗೂ ಹೊರಗೂ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಹುಟ್ಟುತ್ತವೆ. ನಿಧಾನವಾಗಿ ದಾಟಿದರೆ ಕೋಶಗಳ ನಡುವಿನ ಜಾಗದಲ್ಲಿ ಕೆಲವೇ ಹರಳುಗಳು ಹುಟ್ಟಿ, ಕೋಶದೊಳಗಿನ ನೀರನ್ನೆಲ್ಲ ಹೊರಗೆಳೆದುಕೊಂಡು ದಪ್ಪಗಾಗುತ್ತವೆ. ಕೋಶದ ಪೊರೆ ಹರಿಯುತ್ತದೆ, ಒಳಗೆ ಉಳಿದ ಪ್ರೋಟೀನು ಮುದುಡುತ್ತದೆ. ಹೆಪ್ಪು ಬಿಟ್ಟಾಗ ಆ ನೀರು ವಾಪಸು ಕೋಶದೊಳಗೆ ಹೋಗುವುದಿಲ್ಲ, ತಟ್ಟೆಯ ತಳಕ್ಕೆ ಇಳಿಯುತ್ತದೆ. ಉದ್ಯಮದವರು ಅದಕ್ಕೆ ‘ಡ್ರಿಪ್’ ಅನ್ನುತ್ತಾರೆ. ಅದರ ಜತೆಗೆ ಸಿಗಡಿಯ ಸಿಹಿಯೂ ಹೋಗುತ್ತದೆ. ಸಿಗಡಿಗೆ ಆ ಸಿಹಿ ಕೊಡುವ ಗ್ಲೈಸಿನ್‌ನಂಥ ಅಮೈನೋ ಆಮ್ಲಗಳು ನೀರಿನಲ್ಲಿ ಕರಗುವಂಥವು.

ಬೇಗ ಹೆಪ್ಪುಗಟ್ಟಿಸಿದ್ದು ಚೆನ್ನಾಗಿರುತ್ತದೆ ಎಂಬುದನ್ನು ಉದ್ಯಮಕ್ಕೆ ತಂದವರು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. 1912ರಿಂದ ಕೆನಡಾದ ಪೂರ್ವತುದಿಯ ಲ್ಯಾಬ್ರಡಾರ್‌ನಲ್ಲಿ ಇದ್ದಾಗ, ಅಲ್ಲಿನ ಇನ್ಯುಟ್ ಜನ ಕೊರೆಯುವ ಗಾಳಿಗೆ ಹಿಡಿದ ಮೀನು ಕ್ಷಣಗಳಲ್ಲಿ ಮರಗಟ್ಟುವುದನ್ನೂ, ತಿಂಗಳುಗಳ ಮೇಲೆ ಬೇಯಿಸಿದರೂ ಅದು ಹಸಿ ಮೀನಿನಂತೆಯೇ ಇರುವುದನ್ನೂ ಅವರು ಗಮನಿಸಿದರು. ಊರಿಗೆ ಮರಳಿ, ತಣ್ಣಗಿನ ಎರಡು ಲೋಹದ ಫಲಕಗಳ ನಡುವೆ ಆಹಾರವನ್ನು ಒತ್ತಿ ಹೆಪ್ಪುಗಟ್ಟಿಸುವ ಯಂತ್ರ ಮಾಡಿದರು. 1930ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಲ್ಲಿ ಅಂಥ ಆಹಾರ ಮಾರಾಟಕ್ಕೆ ಬಂತು. ಅದೇ ತತ್ವದ ಪ್ಲೇಟ್ ಫ್ರೀಜರುಗಳು ಇವತ್ತಿಗೂ ಪಶ್ಚಿಮ ಕರಾವಳಿಯ ಸಂಸ್ಕರಣಾ ಘಟಕಗಳಲ್ಲಿ ಇವೆ. ಸಿಗಡಿಯನ್ನು ಟ್ರೇಯಲ್ಲಿ ಜೋಡಿಸಿ, ತಣ್ಣೀರು ಹೊಯ್ದು, ಮೈನಸ್ 35ರಿಂದ 40 ಡಿಗ್ರಿಯ ಫಲಕಗಳ ನಡುವೆ ಒತ್ತಿಟ್ಟರೆ ಎರಡು ಕಿಲೋದ ಬ್ಲಾಕು ಒಂದೂವರೆ ಎರಡು ಗಂಟೆಯಲ್ಲಿ ತಯಾರು. ಅದೇ ಎರಡು ಕಿಲೋವನ್ನು ಮನೆಯ ಫ್ರಿಜ್ಜಿನ ಮೇಲಿನ ಖಾನೆಗೆ ತುರುಕಿದರೆ ನಡುವಿನದು ಗಟ್ಟಿಯಾಗಲು ಒಂದು ರಾತ್ರಿ ಬೇಕು. ದಕ್ಕೆಯಿಂದ ತಂದ ತಾಜಾ ಸಿಗಡಿಯನ್ನು ಮನೆಯಲ್ಲಿ ಹೆಪ್ಪುಗಟ್ಟಿಸಿಟ್ಟು “ಇದಕ್ಕಿಂತ ಒಳ್ಳೇದು ಯಾವುದು?” ಅನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಚೆನ್ನಾಗಿ ನಡೆಸಿದ ಕಾರ್ಖಾನೆಯ ಸಿಗಡಿ ಮನೆಯ ಫ್ರಿಜ್ಜಿನದ್ದಕ್ಕಿಂತ ಮೇಲು.

ಭಾರತದಲ್ಲಿ ಈ ಉದ್ಯಮ ಶುರುವಾದದ್ದು ಕೊಚ್ಚಿಯಲ್ಲಿ. 1953ರಲ್ಲಿ ಅಲ್ಲಿಂದ 13 ಟನ್ ಹೆಪ್ಪುಗಟ್ಟಿದ ಸಿಗಡಿ ಅಮೆರಿಕಕ್ಕೆ ಹೋಯಿತು. ಅಲ್ಲಿಯವರೆಗೆ ನಮ್ಮ ಕಡಲಿನಿಂದ ಹೊರದೇಶಕ್ಕೆ ಹೋಗುತ್ತಿದ್ದುದು ಹೆಚ್ಚಾಗಿ ಒಣಗಿಸಿದ್ದು. 1957ರಲ್ಲಿ ಕೊಚ್ಚಿಯಲ್ಲೇ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು, 1972ರಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ ಬಂದವು. 2009ರಲ್ಲಿ ವನ್ನಾಮಿ ಎಂಬ ಸಿಗಡಿ ಜಾತಿಯ ಸಾಕಣೆಗೆ ಅನುಮತಿ ಸಿಕ್ಕ ಮೇಲಂತೂ ಲೆಕ್ಕಾಚಾರವೇ ಬದಲಾಯಿತು. 2023–24ರಲ್ಲಿ ದೇಶದ ಸಾಗರೋತ್ಪನ್ನ ರಫ್ತು 60,523 ಕೋಟಿ ರೂಪಾಯಿ. ಅದರಲ್ಲಿ ಹೆಪ್ಪುಗಟ್ಟಿದ ಸಿಗಡಿಯ ಪಾಲೇ 40,013 ಕೋಟಿ. ಇಷ್ಟು ದೊಡ್ಡ ವ್ಯಾಪಾರ ನಿಂತಿರುವುದು ಒಂದು ಉಷ್ಣಮಾಪಕದ ಗೆರೆಯ ಮೇಲೆ.

ಆ ಗೆರೆ ಮೈನಸ್ 18. ಫ್ಯಾರನ್‌ಹೀಟ್ ಅಳತೆಯಲ್ಲಿ ಅದು ಸೊನ್ನೆ. ಅಮೆರಿಕದವರು ತಮ್ಮ ಅಳತೆಯಲ್ಲಿ ನೆನಪಿಡಲು ಸುಲಭವಾದ ಸಂಖ್ಯೆಯನ್ನು ಹಿಡಿದರು, ಜಗತ್ತು ಅದನ್ನೇ ಸೆಲ್ಸಿಯಸ್‌ಗೆ ಬದಲಿಸಿಕೊಂಡಿತು. ಸಿಗಡಿಯ ಮಟ್ಟಿಗೆ ಆ ಸಂಖ್ಯೆಯಲ್ಲಿ ಯಾವ ಮಹಿಮೆಯೂ ಇಲ್ಲ. ಮೈನಸ್ 18ರಲ್ಲೂ ಮಾಂಸದ ನೀರಿನ ಸುಮಾರು ಹತ್ತನೇ ಒಂದು ಪಾಲು ದ್ರವವಾಗಿಯೇ ಉಳಿದಿರುತ್ತದೆ. ಉಳಿದ ನೀರೆಲ್ಲ ಶುದ್ಧ ಮಂಜುಗಡ್ಡೆಯಾಗಿ ಬೇರೆಯಾದ್ದರಿಂದ ಲವಣಗಳೆಲ್ಲ ಈ ಅಷ್ಟಿಷ್ಟು ದ್ರವದಲ್ಲಿ ಬಂದು ತುಂಬಿಕೊಳ್ಳುತ್ತವೆ. ಆ ಗಾಢವಾದ ಉಪ್ಪುನೀರು ಸ್ನಾಯುವಿನ ಪ್ರೋಟೀನನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕೆಡಿಸುತ್ತ ಹೋಗುತ್ತದೆ. ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳು ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೀರು ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತವೆ. ನಮ್ಮ ಹಲ್ಲಿಗೆ ಅದು ರಬ್ಬರಾಗಿ, ನಾರಾಗಿ ಸಿಗುತ್ತದೆ.

ಎಷ್ಟು ದಿನ ಇಡಬಹುದು ಎಂಬುದಕ್ಕೆ ಪ್ಯಾರಿಸಿನ ಅಂತರರಾಷ್ಟ್ರೀಯ ಶೈತ್ಯೀಕರಣ ಸಂಸ್ಥೆ ಕೊಟ್ಟ ಅಂದಾಜು ಕಣ್ಣು ತೆರೆಸುವಂಥದ್ದು. ಬೇಯಿಸಿ ಸುಲಿದ ಸಿಗಡಿ ಮೈನಸ್ 12ರಲ್ಲಿ ಸುಮಾರು ಎರಡು ತಿಂಗಳು, ಮೈನಸ್ 18ರಲ್ಲಿ ಐದು ತಿಂಗಳು, ಮೈನಸ್ 24ರಲ್ಲಿ ಒಂಬತ್ತು ತಿಂಗಳಿಗೂ ಹೆಚ್ಚು. ಆರು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇಂಥ ಲೆಕ್ಕಗಳ ಹಿಂದೆ 1948ರಲ್ಲಿ ಕ್ಯಾಲಿಫೋರ್ನಿಯಾದ ಆಲ್ಬನಿಯ ಸರ್ಕಾರಿ ಪ್ರಯೋಗಾಲಯದಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆದ ಪ್ರಯೋಗಗಳಿವೆ. ಅವು ತೋರಿಸಿಕೊಟ್ಟದ್ದು ಇದು: ಹೆಪ್ಪುಗಟ್ಟಿದ ಆಹಾರ ಕಾರ್ಖಾನೆಯಲ್ಲಿ ಕಳೆದುಕೊಂಡದ್ದು, ಲಾರಿಯಲ್ಲಿ ಕಳೆದುಕೊಂಡದ್ದು, ಅಂಗಡಿಯಲ್ಲಿ ಕಳೆದುಕೊಂಡದ್ದು ಎಲ್ಲವೂ ಒಂದರ ಮೇಲೊಂದು ಕೂಡುತ್ತ ಹೋಗುತ್ತದೆ. ಆಮೇಲೆ ಎಷ್ಟು ತಂಪು ಕೊಟ್ಟರೂ ಹಿಂದಿನ ನಷ್ಟ ತುಂಬಿಬರುವುದಿಲ್ಲ.

ಸ್ಥಿರವಲ್ಲದ ಚಳಿ

ಒಂದೇ ಮಟ್ಟದಲ್ಲಿ ನಿಲ್ಲದ ಚಳಿ ಸ್ವಲ್ಪ ಕಡಿಮೆ ಚಳಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಉಷ್ಣತೆ ಮೈನಸ್ 18ರಿಂದ ಮೈನಸ್ 10ಕ್ಕೆ ಏರಿದಾಗ ಸಣ್ಣ ಹರಳುಗಳು ಮೊದಲು ಕರಗುತ್ತವೆ. ಮತ್ತೆ ಮೈನಸ್ 18ಕ್ಕೆ ಇಳಿದಾಗ ಆ ನೀರು ಹೊಸ ಹರಳಾಗದೆ ಪಕ್ಕದ ದೊಡ್ಡ ಹರಳಿಗೆ ಹೋಗಿ ಅಂಟುತ್ತದೆ. ಊರಿನ ದೊಡ್ಡ ಜಮೀನುದಾರ ಬರಗಾಲ ಬಂದಾಗಲೆಲ್ಲ ಅಕ್ಕಪಕ್ಕದ ಸಣ್ಣ ಹಿಡುವಳಿಗಳನ್ನು ಸೇರಿಸಿಕೊಳ್ಳುತ್ತ ಹೋದ ಹಾಗೆ. ಹೀಗೆ ನಾಲ್ಕಾರು ಸಲ ಏರಿಳಿದರೆ, ಲಕ್ಷಾಂತರ ರೂಪಾಯಿಯ ಯಂತ್ರದಲ್ಲಿ ಒಂದೂವರೆ ಗಂಟೆಯಲ್ಲಿ ಹೆಪ್ಪುಗಟ್ಟಿಸಿದ ಸಿಗಡಿಗೂ ಮನೆಯ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಹೆಪ್ಪುಗಟ್ಟಿದ್ದಕ್ಕೂ ಭೇದವೇ ಉಳಿಯುವುದಿಲ್ಲ.

ಈ ಏರಿಳಿತ ಎಲ್ಲಿಂದ ಬರುತ್ತದೆ? ಕೋಲ್ಡ್ ಸ್ಟೋರೇಜಿನ ಬಾಗಿಲು ತೆರೆದಿಟ್ಟು ಲೋಡು ಮಾಡುವಾಗ ಮೇ ತಿಂಗಳ ಕರಾವಳಿಯ ಹಬೆ ಒಳನುಗ್ಗುತ್ತದೆ. ಲಾರಿಯೋ ಕಂಟೇನರೋ ಮೊದಲೇ ತಣಿಸದೆ ಬಂದಿದ್ದರೆ ಸರಕಿನ ಚಳಿಯನ್ನು ಅದೇ ಕುಡಿಯುತ್ತದೆ. ರೀಫರ್ ಎನ್ನುವ ತಂಪು ಕಂಟೇನರಿನ ಯಂತ್ರ ಸರಕನ್ನು ಇದ್ದ ಚಳಿಯಲ್ಲಿ ಕಾಯುವುದಕ್ಕಾಗಿ ಮಾಡಿದ್ದು; ಬೆಚ್ಚಗಾಗಿ ಬಂದದ್ದನ್ನು ಮತ್ತೆ ತಣಿಸುವ ತಾಕತ್ತು ಅದಕ್ಕಿಲ್ಲ. ಕೊನೆಗೆ ಅಂಗಡಿಯ ಫ್ರೀಜರು. ರಾತ್ರಿ ಬಾಗಿಲು ಹಾಕುವಾಗ ಕರೆಂಟು ಉಳಿಸಲು ಸ್ವಿಚ್ ಆರಿಸುವ ಅಭ್ಯಾಸ ಕೆಲವು ಸಣ್ಣ ಅಂಗಡಿಗಳಲ್ಲಿ ಇದೆ. ಬೆಳಿಗ್ಗೆಗೆ ಪ್ಯಾಕೆಟ್ ಗಟ್ಟಿಯಾಗಿಯೇ ಕಾಣುತ್ತದೆ, ಆದರೆ ಒಳಗಿನ ಹಾನಿ ಆಗಿಹೋಗಿರುತ್ತದೆ.

ಕೋಲ್ಡ್ ಸ್ಟೋರೇಜಿನ ಒಳಗೆ ಛಾವಣಿಯ ಕೆಳಗೆ ತಣಿಸುವ ಕೊಳವೆಗಳ ಸುರುಳಿ ಇರುತ್ತದೆ. ಅದರ ಮೈಮೇಲೆ ಬಿಳಿ ಮಂಜು ಬೆರಳುದ್ದ ಬೆಳೆದಿರುವುದನ್ನು ಕಾಣಬಹುದು. ಆ ಮಂಜು ಬಂದದ್ದೆಲ್ಲಿಂದ? ಬಾಗಿಲಿನಿಂದ ಬಂದ ತೇವ ಒಂದಿಷ್ಟು. ಉಳಿದದ್ದು ಪೆಟ್ಟಿಗೆಯೊಳಗಿನ ಸಿಗಡಿಯದು. ಸುರುಳಿ ಸಿಗಡಿಗಿಂತ ತಣ್ಣಗಿರುವುದರಿಂದ ಸಿಗಡಿಯ ಮೈಯ ಮಂಜು ನೀರಾಗದೆ ನೇರವಾಗಿ ಆವಿಯಾಗಿ, ಗಾಳಿಯಲ್ಲಿ ಸಾಗಿ, ಸುರುಳಿಯ ಮೇಲೆ ಮತ್ತೆ ಮಂಜಾಗಿ ಕೂರುತ್ತದೆ. ಮಂಜು ಬಿಟ್ಟುಹೋದ ಜಾಗದಲ್ಲಿ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಬೆಳಕು ಅವುಗಳಲ್ಲಿ ಚೆದುರಿ ಆ ಭಾಗ ಸುಣ್ಣ ಬಳಿದಂತೆ ಬಿಳಿಯಾಗುತ್ತದೆ, ಆಮೇಲೆ ಹಳದಿ ತಿರುಗುತ್ತದೆ. ‘ಫ್ರೀಜರ್ ಬರ್ನ್’ ಎಂದು ಕರೆಯುವ ದೋಷ ಇದೇ. ಸಿಗಡಿಯಲ್ಲಿ ಅದು ಬಾಲದ ತುದಿಯಲ್ಲಿ, ತಲೆ ಮುರಿದ ಕುತ್ತಿಗೆಯ ಜಾಗದಲ್ಲಿ, ಬ್ಲಾಕಿನ ಮೂಲೆಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಬೆರಳಲ್ಲಿ ಮುಟ್ಟಿದರೆ ಒಣ ಸ್ಪಂಜು. ನೀರಿಗೆ ಹಾಕಿದರೂ ಮತ್ತೆ ಮೆತ್ತಗಾಗುವುದಿಲ್ಲ. ತೂತುಗಳ ಮೂಲಕ ಗಾಳಿ ಒಳಹೋಗಿ ಕೊಬ್ಬನ್ನೂ ಕೆಡಿಸುತ್ತದೆ. ಸಿಗಡಿಯಲ್ಲಿ ಕೊಬ್ಬು ಬಹಳ ಕಡಿಮೆ, ಆದರೆ ಇರುವಷ್ಟೂ ಬೇಗ ಕಮಟುವ ಜಾತಿಯದು. ಬೇಯಿಸಿದಾಗ ಕೆಂಪೇರಿಸುವ ಅಸ್ಟಾಕ್ಸಾಂಥಿನ್ ಎಂಬ ಬಣ್ಣವೂ ಗಾಳಿ ತಗುಲಿ ಮಂಕಾಗುತ್ತದೆ. ತಿಂಗಳುಗಟ್ಟಲೆ ಇಟ್ಟ ಸಿಗಡಿ ಕೆಂಪಾಗದೆ ಮಸುಕು ಕಿತ್ತಳೆಯಾಗುವುದು ಹೀಗೆ.

ಆಹಾರ ಗುಣಮಟ್ಟದ ಅಂತರರಾಷ್ಟ್ರೀಯ ಸಂಹಿತೆಯಾದ ಕೋಡೆಕ್ಸ್ 1981ರಲ್ಲಿ ಹೆಪ್ಪುಗಟ್ಟಿದ ಸಿಗಡಿಗೆಂದೇ ಒಂದು ಮಾನದಂಡ ಮಾಡಿದೆ. ತೆಗೆದ ಮಾದರಿಯ ತೂಕದಲ್ಲಿ, ಅಥವಾ ಬ್ಲಾಕಿನ ಮೇಲ್ಮೈಯಲ್ಲಿ, ನೂರಕ್ಕೆ ಹತ್ತಕ್ಕಿಂತ ಹೆಚ್ಚು ಭಾಗ ಹೀಗೆ ಆಳವಾಗಿ ಒಣಗಿದ್ದರೆ, ಚಾಕುವಿನಿಂದ ಕೆರೆದರೂ ಆ ಬಿಳಿ ಸುಲಭವಾಗಿ ಹೋಗದಿದ್ದರೆ, ಅದು ದೋಷವುಳ್ಳದ್ದು. ಚಾಕುವಿನ ಪರೀಕ್ಷೆ ನಾವೂ ಮಾಡಬಹುದಾದದ್ದು. ಮೇಲಿನ ಬಿಳಿ ಬರೀ ಮಂಜಾಗಿದ್ದರೆ ಉಗುರಿಗೆ ಎದ್ದು ಬರುತ್ತದೆ. ಮಾಂಸವೇ ಬಿಳಿಯಾಗಿದ್ದರೆ ಬರುವುದಿಲ್ಲ.

ಕಪ್ಪು ಚುಕ್ಕೆ

ಗಿರಾಕಿಗಳು ಹೆಚ್ಚು ಹೆದರುವುದು ಕಪ್ಪು ಚುಕ್ಕೆಗೆ. ಹೆಪ್ಪು ಬಿಡಿಸಿಟ್ಟ ಸಿಗಡಿಯ ಚಿಪ್ಪಿನ ಅಂಚಿನಲ್ಲಿ, ಕಾಲುಗಳ ಬುಡದಲ್ಲಿ, ಬಾಲದ ಬೀಸಣಿಗೆಯಲ್ಲಿ ಗೆರೆ ಎಳೆದಂತೆ ಕಪ್ಪು ಮೂಡುತ್ತದೆ. ಕೊಳೆತದ್ದು ಎಂದುಕೊಂಡು ಎಷ್ಟೋ ಜನ ಅದನ್ನು ಎಸೆಯುತ್ತಾರೆ. ಇದು ಕೊಳೆತವಲ್ಲ. ಸಿಗಡಿ ಬದುಕಿದ್ದಾಗ ಪೊರೆ ಕಳಚಿದ ಮೇಲೆ ಹೊಸ ಚಿಪ್ಪನ್ನು ಗಟ್ಟಿ ಮಾಡಿಕೊಳ್ಳುವುದಕ್ಕೂ, ಗಾಯ ಮುಚ್ಚಿಕೊಳ್ಳುವುದಕ್ಕೂ ಬೇಕಾದ ಒಂದು ಕಿಣ್ವ ಅದರ ಮೈಯಲ್ಲಿದೆ. ಪಾಲಿಫೀನಾಲ್ ಆಕ್ಸಿಡೇಸ್ ಎಂದು ಅದರ ಹೆಸರು. ಸತ್ತ ಮೇಲೆ ಆ ಕಿಣ್ವಕ್ಕೆ ಲಗಾಮು ಇಲ್ಲ. ಗಾಳಿ ಸಿಕ್ಕಿದ ಕಡೆಯಲ್ಲೆಲ್ಲ ಕಪ್ಪು ವರ್ಣದ್ರವ್ಯ ತಯಾರಿಸುತ್ತ ಹೋಗುತ್ತದೆ. ಹೆಪ್ಪುಗಟ್ಟಿಸಿದರೆ ಅದು ಮಂದವಾಗುತ್ತದೆ, ಸಾಯುವುದಿಲ್ಲ. ಹರಳುಗಳು ಕೋಶಗಳನ್ನು ಹರಿದಿರುವುದರಿಂದ ಹೆಪ್ಪು ಬಿಟ್ಟ ಮೇಲೆ ಕಿಣ್ವಕ್ಕೆ ದಾರಿ ಇನ್ನೂ ಸಲೀಸು. ಕುದಿಯುವ ನೀರಿನಲ್ಲಿ ಮಾತ್ರ ಅದು ನಾಶವಾಗುತ್ತದೆ. ಬೇಯಿಸಿ ಹೆಪ್ಪುಗಟ್ಟಿಸಿದ ಸಿಗಡಿಗೆ ಕಪ್ಪು ಚುಕ್ಕೆ ಬರದಿರುವುದು ಆ ಕಾರಣಕ್ಕೆ.

ಕಪ್ಪು ಚುಕ್ಕೆಯ ಸಿಗಡಿ ತಿಂದರೆ ಅಪಾಯವಿಲ್ಲ. ಅದನ್ನು ತಡೆಯುವುದಕ್ಕೆ ಬಳಸುವ ಪುಡಿಯಲ್ಲಿ ಸಮಸ್ಯೆ ಇದೆ. ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಸಿಗಡಿಯನ್ನು ನಿಮಿಷದ ಮಟ್ಟಿಗೆ ಅದ್ದಿ ತೆಗೆದರೆ ಕಪ್ಪು ನಿಲ್ಲುತ್ತದೆ. ಅಳತೆಯಲ್ಲಿ ಬಳಸಿದರೆ ಇದಕ್ಕೆ ಅನುಮತಿಯೂ ಇದೆ. ಹಸಿ ಸಿಗಡಿಯ ಕಿಲೋ ಒಂದಕ್ಕೆ ಗಂಧಕದ ಡೈಆಕ್ಸೈಡ್ ಲೆಕ್ಕದಲ್ಲಿ 100 ಮಿಲಿಗ್ರಾಂ, ಬೇಯಿಸಿದ್ದಕ್ಕೆ 30 ಮಿಲಿಗ್ರಾಂ ಎಂಬುದು ಕೋಡೆಕ್ಸ್ ಮಿತಿ. ಬೋಟಿನ ಮೇಲೆ, ಸಾಕಣೆ ಕೊಳದ ದಂಡೆಯಲ್ಲಿ ತಕ್ಕಡಿ ಹಿಡಿದು ಪುಡಿ ಬೆರೆಸುವವರು ಯಾರು? ಕೈಯಳತೆಯಲ್ಲಿ ಎರಚಿದರೆ ಮಿತಿ ದಾಟುವುದು ಸುಲಭ. ಉಬ್ಬಸ ಇರುವವರಲ್ಲಿ ಕೆಲವರಿಗೆ ಸಲ್ಫೈಟ್ ಒಗ್ಗುವುದಿಲ್ಲ, ಉಸಿರು ಕಟ್ಟುವಷ್ಟು ಕೆರಳಿಸುತ್ತದೆ. ಹಡಗಿನ ಮುಚ್ಚಿದ ಅಂಕಣದಲ್ಲಿ ಪುಡಿ ಬಳಸುವ ಕಾರ್ಮಿಕನ ಉಸಿರಿಗೂ ಆ ಅನಿಲ ಅಪಾಯ. 4-ಹೆಕ್ಸೈಲ್‌ರಿಸಾರ್ಸಿನಾಲ್ ಎಂಬ ಬದಲಿ ವಸ್ತು ಬಂದಿದೆ, ಅತಿ ಕಡಿಮೆ ಪ್ರಮಾಣ ಸಾಕಾಗುತ್ತದೆ. ನನ್ನ ಮಟ್ಟಿಗೆ ಇವೆರಡಕ್ಕಿಂತ ಮೇಲಾದ ಔಷಧಿ ಮಂಜುಗಡ್ಡೆ. ಬಲೆಯಿಂದ ಬಿದ್ದ ಕೂಡಲೇ ತೊಳೆದು, ಬಿಸಿಲಿಗೆ ಬಿಡದೆ, ತಲೆ ಮುರಿದು, ಪುಡಿ ಐಸಿನ ನಡುವೆ ಹುಗಿದ ಸಿಗಡಿಗೆ ಕಪ್ಪು ಬರುವುದು ಬಹಳ ನಿಧಾನ. ಎಂಟು ಹತ್ತು ದಿನ ಕಡಲಲ್ಲೇ ಇರುವ ಟ್ರಾಲ್ ಬೋಟುಗಳಲ್ಲಿ ಮೊದಲ ದಿನದ ಸಿಗಡಿಗೂ ಕೊನೆಯ ದಿನದ್ದಕ್ಕೂ ಏಳರಿಂದ ಒಂಬತ್ತು ದಿನದ ವಯಸ್ಸಿನ ಅಂತರ ಇರುತ್ತದೆ. ಫ್ರೀಜರು ಇದ್ದ ಗುಣವನ್ನು ಹಿಡಿದಿಟ್ಟೀತು, ಹೊಸದಾಗಿ ಕೊಡಲಾರದು.

ತಲೆ ಮುರಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಿಗಡಿಯ ಜೀರ್ಣಗ್ರಂಥಿ ಇರುವುದು ತಲೆಯಲ್ಲಿ. ತಣಿಸುವುದು ತಡವಾದರೆ ಅಲ್ಲಿಯ ಕಿಣ್ವಗಳು ಪಕ್ಕದ ಮಾಂಸಕ್ಕೆ ಇಳಿದು ಅದನ್ನು ಕರಗಿಸಲು ತೊಡಗುತ್ತವೆ. ಕುತ್ತಿಗೆಯ ಕಡೆಯ ಮಾಂಸ ಮೆದುವಾಗಿ, ಹಿಸುಕಿದರೆ ಹಿಟ್ಟಾಗುತ್ತದೆ. ಸ್ಕ್ಯಾಂಪಿ ಎಂದು ಮಾರುವ ಸಿಹಿನೀರಿನ ದೊಡ್ಡ ಸಿಗಡಿಯಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ನೋಡಲು ಇಡೀ ಸಿಗಡಿ ಚೆಂದ ಎಂದು ತಲೆ ಸಮೇತ ಕೊಳ್ಳುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಏಡಿಯ ಸಮಸ್ಯೆಗಳೇ ಬೇರೆ. ಹಸಿಯಾಗಿ ಹೆಪ್ಪುಗಟ್ಟಿಸಿದ ಏಡಿಯ ಮಾಂಸ ಚಿಪ್ಪಿಗೆ ಅಂಟಿಕೊಂಡು ಬಿಡಿಸಲು ಬಾರದು, ಬೇಯಿಸಿಯೇ ಹೆಪ್ಪುಗಟ್ಟಿಸಬೇಕು. ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರ. ಸರಿಯಾಗಿ ಬೇಯದೆ ರಕ್ತ ಉಳಿದುಹೋದರೆ ಬಿಳಿ ಮಾಂಸದಲ್ಲಿ ನೀಲಿ, ಬೂದು ಕಲೆಗಳು ಏಳುತ್ತವೆ. ಬೊಂಡಾಸ್ (ಸ್ಕ್ವಿಡ್) ಇಟ್ಟಷ್ಟೂ ಹಳದಿಯಾಗುತ್ತದೆ, ಗಟ್ಟಿಯಾಗುತ್ತದೆ. ಮರುವಾಯಿ (ಕುಮಟಾ ಕಡೆಯವರು ಬಳಚು ಎನ್ನುವ ಕಪ್ಪೆಚಿಪ್ಪು), ನೀಲಿಕಲ್ಲು (ಮಸ್ಸೆಲ್), ಇವುಗಳ ಮಾಂಸವನ್ನು ಹೊಟ್ಟೆಯ ಸಮೇತ ಹೆಪ್ಪುಗಟ್ಟಿಸುವುದರಿಂದ ಕೊಬ್ಬು ಕಮಟುವುದು ಬೇಗ, ಬಿಡುವ ನೀರೂ ಜಾಸ್ತಿ. ಮೈನಸ್ 18ರಲ್ಲಿ ಆರು ತಿಂಗಳಿಗಿಂತ ಹೆಚ್ಚು ಇಡಬೇಡಿ.

ಚಿಪ್ಪುಗಳ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಲೇಬೇಕು. ಕಡಲಿನ ಕೆಲವು ಸೂಕ್ಷ್ಮ ಪಾಚಿಗಳ ವಿಷ ಚಿಪ್ಪುಜೀವಿಗಳ ಮಾಂಸದಲ್ಲಿ ಸೇರಿಕೊಳ್ಳುವುದುಂಟು. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆಯ ಅಳಿವೆಯ ಚಿಪ್ಪು ತಿಂದವರಿಗೆ ಇಂಥ ವಿಷ ತಗುಲಿತ್ತು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಅದನ್ನು ದಾಖಲಿಸಿದ್ದಾರೆ. ಹೆಪ್ಪುಗಟ್ಟಿಸಿದರೆ ಆ ವಿಷ ಹೋಗುವುದಿಲ್ಲ, ಬೇಯಿಸಿದರೂ ನಂಬುವಂತಿಲ್ಲ.

ತೂಕದ ಲೆಕ್ಕ

ಒಣಗುವುದನ್ನು ತಡೆಯಲು ಉದ್ಯಮ ಕಂಡುಕೊಂಡ ಉಪಾಯ ಸರಳವೂ ಸೊಗಸೂ ಆದದ್ದು. ಹೆಪ್ಪುಗಟ್ಟಿದ ಸಿಗಡಿಯನ್ನು ಕೊರೆಯುವ ನೀರಿನಲ್ಲಿ ಒಮ್ಮೆ ಮುಳುಗಿಸಿ ತೆಗೆದರೆ ಮೈಸುತ್ತ ತೆಳುವಾದ ಮಂಜಿನ ಹೊದಿಕೆ ಕೂರುತ್ತದೆ. ಇದಕ್ಕೆ ಗ್ಲೇಜ್ ಅನ್ನುತ್ತಾರೆ. ಆವಿಯಾಗುವುದಿದ್ದರೆ ಮೊದಲು ಈ ಹೊದಿಕೆ ಆವಿಯಾಗಲಿ, ಸಿಗಡಿ ಉಳಿಯಲಿ ಎಂಬ ಲೆಕ್ಕ. ಗಾಳಿಯನ್ನೂ ಅದು ತಡೆಯುತ್ತದೆ. ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿದ ಸಿಗಡಿಗೆ ಎಂಟು ಹತ್ತು ಶೇಕಡದಷ್ಟು ಗ್ಲೇಜ್ ಸಾಮಾನ್ಯ.

ಈ ಹೊದಿಕೆ ದಪ್ಪವಾದಷ್ಟೂ ತೂಕ ಬರುತ್ತದೆ, ಮತ್ತು ನೀರಿಗೆ ಸಿಗಡಿಯ ಬೆಲೆ ಸಿಗುತ್ತದೆ. ಕೋಡೆಕ್ಸ್ ಮಾನದಂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಪ್ಯಾಕೆಟ್ ಮೇಲೆ ಬರೆಯುವ ನಿವ್ವಳ ತೂಕ ಗ್ಲೇಜ್ ಬಿಟ್ಟದ್ದಾಗಿರಬೇಕು. ನೀವೇ ಪರೀಕ್ಷಿಸಬಹುದು. ಪ್ಯಾಕೆಟ್ ಬಿಚ್ಚಿ, ಸಿಗಡಿಯನ್ನು ಜರಡಿಯಲ್ಲಿಟ್ಟು, ನಲ್ಲಿಯ ತಣ್ಣೀರನ್ನು ಮೇಲಿನ ಮಂಜು ಹೋಗುವಷ್ಟೇ ಹೊತ್ತು ಬಿಡಿ. ಒಳಗಿನ ಸಿಗಡಿ ಕರಗಬಾರದು. ನೀರು ಬಸಿದು ತೂಗಿ. 450 ರೂಪಾಯಿಯ ಅರ್ಧ ಕಿಲೋ ಪ್ಯಾಕೆಟ್ಟಿನಲ್ಲಿ 400 ಗ್ರಾಂ ಬಂದರೆ ನೀವು ಕಿಲೋಗೆ 900 ಅಲ್ಲ, 1,125 ರೂಪಾಯಿ ಕೊಟ್ಟಿದ್ದೀರಿ.

ಇನ್ನೊಂದು ದಾರಿ ಪಾಲಿಫಾಸ್ಫೇಟ್. ಸಿಗಡಿಯನ್ನು ಅದರ ದ್ರಾವಣದಲ್ಲಿ ನೆನೆಸಿದರೆ ಮಾಂಸ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೆಪ್ಪು ಬಿಟ್ಟಾಗ ಸೋರುವುದು ಕಡಿಮೆಯಾಗುತ್ತದೆ. ಹದದಲ್ಲಿ ಬಳಸಿದರೆ ಇದು ಒಳ್ಳೆಯ ತಂತ್ರ. ಹದ ಮೀರಿದರೆ ಸಿಗಡಿ ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಸೋಪಿನಂತೆ ಜಾರುತ್ತದೆ. ಬಾಣಲೆಯಲ್ಲಿ ಹುರಿಯುವ ಬದಲು ತನ್ನದೇ ನೀರಿನಲ್ಲಿ ಕುದಿಯುತ್ತದೆ. ಗ್ಲೇಜನ್ನು ತೊಳೆದು ತೂಗಬಹುದು, ಮಾಂಸದೊಳಗೆ ಕುಡಿಸಿದ ನೀರನ್ನು ಮನೆಯಲ್ಲಿ ತೂಗಲು ಬರುವುದಿಲ್ಲ. ಆದ್ದರಿಂದ ಇದು ಹೆಚ್ಚು ದೊಡ್ಡ ಮೋಸ.

1997ರಲ್ಲಿ ಯುರೋಪಿನ ಒಕ್ಕೂಟ ನೈರ್ಮಲ್ಯದ ಕಾರಣಕ್ಕೆ ಭಾರತದ ಸಾಗರೋತ್ಪನ್ನಗಳನ್ನು ತಡೆಹಿಡಿಯಿತು. ಉದ್ಯಮಕ್ಕೆ ಅದು ದೊಡ್ಡ ಪೆಟ್ಟು. ಆಮೇಲೆ ಘಟಕಗಳು ಬದಲಾದವು. ನೆಲಕ್ಕೆ ಟೈಲ್ಸ್ ಬಂತು, ಸುಲಿಯುವ ಹೆಣ್ಣುಮಕ್ಕಳ ತಲೆಗೆ ಟೋಪಿ, ಕೈಗೆ ಗವಸು ಬಂತು, ಉಷ್ಣತೆಯ ದಾಖಲೆ ಗಂಟೆಗಂಟೆಗೂ ಬರೆಯುವ ಪದ್ಧತಿ ಬಂತು. ಟೋಕಿಯೋ, ನ್ಯೂಯಾರ್ಕ್‌ಗಳ ಗಿರಾಕಿಗೆ ಹೋಗುವ ಪೆಟ್ಟಿಗೆಯ ಮೇಲೆ ಯಾವ ದಿನ, ಯಾವ ಘಟಕದಲ್ಲಿ, ಯಾವ ಗಾತ್ರದ ಸಿಗಡಿ, ಗ್ಲೇಜ್ ಬಿಟ್ಟು ಎಷ್ಟು ತೂಕ ಎಂಬುದೆಲ್ಲ ಇರುತ್ತದೆ. ಆ ಕೆಲಸವನ್ನು ಮಾಡುವವರು ನಮ್ಮವರೇ. ಹಾಗಿರುವಾಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೊಳ್ಳುವವರಿಗೆ ಎಷ್ಟೋ ಸಲ ಸಿಗುವುದು ದೊಡ್ಡ ಬ್ಲಾಕನ್ನು ಒಡೆದು, ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ, ದಿನಾಂಕವೇ ಇಲ್ಲದ ಸಿಗಡಿ. ಹೊರದೇಶದವರಿಗೆ ಒಂದು ಅಳತೆ, ನಮ್ಮವರಿಗೆ ಇನ್ನೊಂದು ಎಂಬುದನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ.

ಕೊಳ್ಳುವವರು ಮಾಡಬಹುದಾದದ್ದು ಕಡಿಮೆಯೇನಲ್ಲ. ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಬಿಡಿಬಿಡಿ ಸಿಗಡಿ ಗಲಗಲ ಎನ್ನಬೇಕು. ಒಂದೇ ಉಂಡೆಯಾಗಿದ್ದರೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ. ಚೀಲದೊಳಗೆ ಸಡಿಲ ಮಂಜು, ಹಿಮದ ಪುಡಿ ತುಂಬಿದ್ದರೆ ಚಳಿ ಏರಿಳಿದಿದೆ. ಬಿಳಿ ಕಲೆ, ಹಳದಿ ಅಂಚು ಕಂಡರೆ ವಾಪಸು ಇಡಿ. ಅಂಗಡಿಯ ಫ್ರೀಜರಿನ ಅಂಚಿಗಿಂತ ಮೇಲಕ್ಕೆ ಪೇರಿಸಿಟ್ಟ ಪ್ಯಾಕೆಟ್ಟುಗಳನ್ನು ಬಿಟ್ಟು ಕೆಳಗಿನದನ್ನು ತೆಗೆಯಿರಿ. ಮನೆಯ ಫ್ರಿಜ್ಜಿನ ಫ್ರೀಜರ್ ಖಾನೆಯ ಮೇಲೆ ನಕ್ಷತ್ರದ ಗುರುತು ಇದ್ದರೆ ಗಮನಿಸಿ: ಒಂದು ನಕ್ಷತ್ರ ಮೈನಸ್ 6, ಎರಡು ಮೈನಸ್ 12, ಮೂರು ಮೈನಸ್ 18. ಬಾಗಿಲಿನ ಮೇಲೆ ಅಂಟಿಸುವ ವಿದ್ಯುತ್ ಉಳಿತಾಯದ ನಕ್ಷತ್ರಗಳು ಬೇರೆ. ತಾನೇ ಮಂಜು ಕರಗಿಸಿಕೊಳ್ಳುವ ಫ್ರಿಜ್ಜು ದಿನಕ್ಕಿಷ್ಟು ಸಲ ತನ್ನ ಸುರುಳಿಯನ್ನು ಬಿಸಿ ಮಾಡಿಕೊಳ್ಳುತ್ತದೆ. ಅದರಲ್ಲಿ ಸಿಗಡಿಯನ್ನು ತಿಂಗಳೆರಡು ತಿಂಗಳಿಗಿಂತ ಹೆಚ್ಚು ಇಡಬೇಡಿ, ಇಡುವಾಗ ಚೀಲದ ಗಾಳಿಯನ್ನೆಲ್ಲ ಹೊರಹಾಕಿ ಕಟ್ಟಿ. ಹಿಂದಿನ ರಾತ್ರಿಯೇ ಕೆಳಗಿನ ಖಾನೆಗೆ ಇಳಿಸಿಟ್ಟು ಹೆಪ್ಪು ಬಿಡಿಸಿ. ಅವಸರವಿದ್ದರೆ ಚೀಲದ ಸಮೇತ ತಣ್ಣೀರಿನಲ್ಲಿ ಮುಳುಗಿಸಿಡಿ, ಬಿಸಿನೀರು ಬೇಡ. ಒಮ್ಮೆ ಹೆಪ್ಪು ಬಿಟ್ಟದ್ದನ್ನು ಮತ್ತೆ ಫ್ರೀಜರಿಗೆ ಇಡಬೇಡಿ.

ಮುಂದಿನ ಸಲ ಸಿಗಡಿ ಕೊಳ್ಳುವಾಗ ಬೆಲೆ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ: ಇದನ್ನು ಹೆಪ್ಪುಗಟ್ಟಿಸಿದ ದಿನ ಯಾವುದು? ಗ್ಲೇಜ್ ಬಿಟ್ಟು ತೂಕ ಎಷ್ಟು? ಇವೆರಡನ್ನೂ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಪ್ಯಾಕೆಟ್ಟಿನ ಮುಂಭಾಗದಲ್ಲೇ ಅಚ್ಚುಮಾಡಬೇಕೆಂದು ಅಂಗಡಿಯವರನ್ನೂ, ಕಂಪನಿಗಳನ್ನೂ, ಆಹಾರ ಸುರಕ್ಷತೆಯ ಅಧಿಕಾರಿಗಳನ್ನೂ ಒತ್ತಾಯಿಸಿ.